ಅಗಸಿಯ ಕಲ್ಲಿನ ಕೈ

ಹೋದ ಶ್ರಾವಣದ ಕೊನೆಯ ಶನಿವಾರ ಬೆಳಿಗ್ಗೆ ಗಡಹಿಂಗ್ಲಜದ ಊರಬಾಗಿಲಾದ ಹಳೆಯ ಅಗಸಿಯಲ್ಲಿ ಹಣಮಪ್ಪನ ಮೈಮೇಲಿನ ಶೇಂದೂರದ ಕವಚ ಕಳಚಿ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಸುದ್ದಿ ತಿಳಿದು ನಾನು ಕೊಲ್ಹಾಪುರದಿಂದ ಹೊರಟು ಮಧ್ಯಾಹ್ನದ ಹೊತ್ತಿಗೆ ಅಲ್ಲಿದ್ದೆ. ಅಗಸಿಯ ಕಮಾನಿನ ಕೆಳಗೆ ಕಾಲಿಡುವ ಮೊದಲೇ ವಾಸನೆ ಬಂತು: ಎಷ್ಟೋ ತಲೆಮಾರಿನಿಂದ ಒಂದರ ಮೇಲೊಂದು ಕೂತ ಎಳ್ಳೆಣ್ಣೆ, ಕಿತ್ತಳೆ ಬಣ್ಣದ ಶೇಂದೂರ, ಒಳಗೇ ಉಳಿದುಹೋದ ಹೂವು. ನೀಲವ್ವತ್ತಿಯ ಅಂಗೈಯ ವಾಸನೆ ಅದು.

ನೀಲವ್ವತ್ತಿ ನನ್ನ ಅಪ್ಪನ ಅಕ್ಕ. ಅವಳ ಗಂಡನ ಮನೆ ಅಗಸಿಯ ಗೋಡೆಗೇ ಆತುಕೊಂಡಿತ್ತು. ಅಡುಗೆಮನೆಯ ಒಂದು ಗೋಡೆ ನಮ್ಮದಲ್ಲ, ಊರಿನದು. ಬೇಸಿಗೆ ರಜೆಯಲ್ಲಿ ನಾನು ಅಲ್ಲಿರುತ್ತಿದ್ದೆ. ಬೆಲ್ಲದ ಗಾಡಿಗಳು ಕಮಾನಿನೊಳಗೆ ಹಾಯುವಾಗ ಆ ಗೋಡೆ ಗುಂಯ್‌ಗುಟ್ಟಿ ನಾಗಂದಿಗೆಯ ಮೇಲಿನ ಹಿತ್ತಾಳೆ ತಂಬಿಗೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಮೆಣಸಿನಕಾಯಿ ಚೀಲ ಬಂದ ದಿನ ಮನೆಮಂದಿಯೆಲ್ಲ ಸೀನುತ್ತ ಊಟ ಮಾಡುತ್ತಿದ್ದೆವು. ಅಗಸಿಯ ಒಳಗೆ, ಹಿಂದೆ ಕಾವಲಿನವರು ಕೂರುತ್ತಿದ್ದ ಗೂಡಿನಲ್ಲಿ, ಬಲಗೈ ಮೇಲೆತ್ತಿ ನಿಂತ ಹಣಮಪ್ಪ. ಮೂಗು ಬಾಯಿ ಶೇಂದೂರದಲ್ಲಿ ಮುಚ್ಚಿಹೋಗಿದ್ದವು. ಕಾಣುತ್ತಿದ್ದುದು ಅಂಟಿಸಿದ ಎರಡು ಬೆಳ್ಳಿ ಕಣ್ಣು ಮತ್ತು ಆ ಎತ್ತಿದ ಕೈ. ಬ್ರಹ್ಮಚಾರಿ ದೇವರು, ಹೆಂಗಸರು ಹೊಸ್ತಿಲು ದಾಟುವಂತಿರಲಿಲ್ಲ. ಆದರೆ ಪ್ರತಿ ಶನಿವಾರ ಶೇಂದೂರ ಕಲಸುವ ಕೆಲಸ ಆ ಮನೆಯ ಸೊಸೆಯದು. ಅತ್ತಿ ಕಲ್ಲಿನ ಬಟ್ಟಲಲ್ಲಿ ಎಣ್ಣೆ ಹೊಯ್ದು ಅಂಗೈಯಿಂದ ನಾದುತ್ತಿದ್ದಳು. ಚಿಕ್ಕ ಹುಡುಗಿಯರಿಗೆ ತಡೆ ಇರಲಿಲ್ಲವಾದ್ದರಿಂದ ಹೊಸ್ತಿಲಿನಿಂದ ಪೂಜಾರಿ ಗುರವನ ಕೈಗೆ ಬಟ್ಟಲು ಒಯ್ಯುವ ಕೆಲಸ ನನ್ನದು.

ಅತ್ತಿಗೆ ಬಸು ಎಂಬ ಮಗನಿದ್ದ. ಆಗಷ್ಟೇ ನಡೆಯಲು ಕಲಿತಿದ್ದ, ಶೇಂದೂರದ ಬಟ್ಟಲಲ್ಲಿ ಕೈ ಅದ್ದಿ ಬೆಕ್ಕಿಗೆ ಬಳಿಯುತ್ತಿದ್ದ. ಒಂದು ಬೇಸಿಗೆ ಅವನಿಗೆ ಜ್ವರ ಬಂತು. ಡಾಕ್ಟರು ಬಂದು ಹೋದರು. ಮರುದಿನ ಮಧ್ಯಾಹ್ನ ಕೂಸು ಕಣ್ಣು ಮೇಲೆ ಮಾಡಿದಾಗ ಅತ್ತಿ ಅದನ್ನು ನನ್ನ ಅವ್ವನ ತೊಡೆಗೆ ಹಾಕಿ ಬರಿಗಾಲಲ್ಲಿ ಅಗಸಿಗೆ ಓಡಿದಳು. ನಾನು ಹಿಂದೆಯೇ ಓಡಿದೆ. ಅವಳು ಹೊಸ್ತಿಲು ದಾಟಿ ಹಣಮಪ್ಪನ ಕಲ್ಲನ್ನು ಎರಡೂ ಕೈಯಿಂದ ತಬ್ಬಿದ್ದಳು. ಗುರವ "ಅಗ ಬಾಯೀ, ಶಿವೂ ನಕೋ!" ಎಂದು ಕೂಗುತ್ತಿದ್ದ, ಮುಟ್ಟಬೇಡ ಎಂದು. ಮುಟ್ಟಿ ಬಿಡಿಸಲು ಅವನಿಗೂ ಅಂಜಿಕೆ. ಅವಳು ತಾನಾಗಿ ಹೊರಗೆ ಬಂದಾಗ ಕೆನ್ನೆ, ಎದೆ, ಸೀರೆ ಎಲ್ಲ ಕಿತ್ತಳೆ.

ಬಸು ಅಂದೇ ಸಂಜೆ ತೀರಿಕೊಂಡ. ಮಣ್ಣು ಮಾಡಿ ಬಂದ ಮೇಲೆ ಅತ್ತಿಯ ಅತ್ತೆ ನಡುಮನೆಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಹೇಳಿದಳು: "ಬ್ರಹ್ಮಚಾರಿ ದೇವರನ್ನ ತೆಕ್ಕಿ ಬಡದ್ಲು. ಕೂಸನ್ನ ತಿಂದ್ಲು." ಮುಂದಿನ ಶನಿವಾರ ಅತ್ತಿ ಮತ್ತೆ ಶೇಂದೂರ ಕಲಸಿದಳು. ನಾನು ಬಟ್ಟಲು ಕೊಟ್ಟು ಬಂದಾಗ ಮೆಲ್ಲಗೆ ಕೇಳಿದಳು.

"ಸುಮೀ, ಸಿಟ್ಟಿನ್ಯಾಗ ಅದಾನೇನ?"

"ಇಲ್ಲತ್ತಿ. ನಗಾಕತ್ತಾನ."

ಅದಾದ ಮೇಲೆ ರಜೆಯಲ್ಲಿ ನಾನು ಅಲ್ಲಿದ್ದ ಪ್ರತಿ ಶನಿವಾರ ಅದೇ ಪ್ರಶ್ನೆ, ಅದೇ ಉತ್ತರ, ನಾನು ದೊಡ್ಡವಳಾಗಿ ಹೊಸ್ತಿಲ ಈಚೆ ನಿಲ್ಲುವವರೆಗೆ. ಮುಂದೆ ಅತ್ತಿಯ ಗಂಡ ಮಾಮಾ ತೀರಿಕೊಂಡರು, ರಸ್ತೆ ಅಗಲವಾಗುವಾಗ ಮನೆಯೂ ಹೋಯಿತು. ಊರಿನದಾಗಿದ್ದ ಆ ಒಂದು ಗೋಡೆ ಮಾತ್ರ ನಿಂತಿದೆ, ನಮ್ಮ ಒಲೆಯ ಹೊಗೆ ಇನ್ನೂ ಅದರ ಮೇಲಿದೆ.

ಹೋದ ಶ್ರಾವಣದ ಆ ಶನಿವಾರ ನಾನು ತಲುಪಿದಾಗ ಕವಚ ನೆಲದ ಮೇಲೆ ಎರಡು ತುಂಡಾಗಿ ಬಿದ್ದಿತ್ತು, ಬೆಳ್ಳಿ ಕಣ್ಣುಗಳು ಕಮಾನನ್ನು ನೋಡುತ್ತಿದ್ದವು. ಗೂಡಿನಲ್ಲಿ ಉಳಿದದ್ದು ಒಂದು ಕಂಬದಂಥ ಕಲ್ಲು. ಅದಕ್ಕೆ ಮುಖವಿಲ್ಲ, ಬಾಲವಿಲ್ಲ. ಕಂಬದಿಂದ ಹೊರಟು ಮೊಣಕೈಯಲ್ಲಿ ಬಾಗಿ ಮೇಲೆದ್ದ ಒಂದು ಕೈ, ಮಣಿಕಟ್ಟಿನ ತುಂಬ ಬಳೆ. ಆಗಿನ ಗುರವನ ಮಗ, ಈಗಿನ ಗುರವ, ನನ್ನತ್ತ ತಿರುಗಿ "ಬಾಯೀಚಾ ಹಾತ ಹಾಯ ಹೋ ತಾಯೀ" ಎಂದ. ಹೆಂಗಸಿನ ಕೈ. ಗಂಡನ ಚಿತೆ ಏರಿದವಳಿಗೆ ನಿಲ್ಲಿಸುತ್ತಿದ್ದ ಮಾಸ್ತಿಕಲ್ಲು. ಇಂಥ ಕಲ್ಲುಗಳ ಬಗ್ಗೆ ನಾನು ಬರೆದಿದ್ದೇನೆ. ಆದರೂ ಹೊಸ್ತಿಲ ಮೇಲೆ ಕೂತುಬಿಟ್ಟೆ.

ಮರುದಿನ ಇಚಲಕರಂಜಿಗೆ ಹೋದೆ. ಅತ್ತಿ ಅಲ್ಲಿ ಮಗಳು ಶೋಭಾಳ ಮನೆಯಲ್ಲಿದ್ದಾಳೆ. ಪಕ್ಕದ ಶೆಡ್ಡಿನಲ್ಲಿ ಮಗ್ಗಗಳು ಓಡುತ್ತಿದ್ದವು, ಮಾತನ್ನು ಗಟ್ಟಿಯಾಗಿ ಆಡಬೇಕು. ಫೋನಿನಲ್ಲಿ ಫೋಟೋ ತೋರಿಸಿದೆ. ಅತ್ತಿ ಚಶ್ಮಾ ಹುಡುಕಿದಳು.

"ಮಂದಿ ಮನಿ ಸುದ್ದಿ ಕೇಳಾಕ ಏನೂ ಬೇಕಾಗೂದಿಲ್ಲ ಈಕಿಗೆ, ಫೋಟೋಕ್ಕ ಮಾತ್ರ ಚಶ್ಮಾ!" ಎಂದು ಶೋಭಾ ನಕ್ಕಳು.

"ನೀ ಚಾ ಇಡ ಹೋಗ," ಎಂದ ಅತ್ತಿ ಫೋಟೋ ನೋಡಿದಳು. "ಯಾರ ಕೈ ಇದು?"

"ಅಗಸ್ಯಾಗಿಂದತ್ತಿ. ಅದು ಹಣಮಪ್ಪ ಅಲ್ಲ. ಒಬ್ಬಾಕಿ ಹೆಣ್ಣಮಗಳು. ಮೊದಲಿಂದ ಆಕಿನ ಇದ್ಲು."

ಅತ್ತಿ ಬಹಳ ಹೊತ್ತು ಬಳೆಗಳ ಮೇಲೆ ಬೆರಳಾಡಿಸಿದಳು. ಫೋಟೋ ಸರಿದುಹೋಗುತ್ತಿತ್ತು, ನಾನು ಮತ್ತೆ ತಂದಿಡುತ್ತಿದ್ದೆ.

"ಹಂಗಾರ ನನ್ನ ಬಸು ಯಾಕ ಹೋದ?"

ಶೋಭಾ ಬಾಗಿಲಲ್ಲೇ ನಿಂತಳು. ಅವಳು ಹುಟ್ಟಿದ್ದು ಬಸು ಹೋದ ಮೇಲೆ. ಮನೆಯಲ್ಲಿ ಆ ಹೆಸರನ್ನು ತಾನು ಕೇಳಿದ್ದು ಅದೇ ಮೊದಲು ಎಂದು ಆಮೇಲೆ ನನಗೆ ಹೇಳಿದಳು.

"ಜ್ವರ ಇತ್ತತ್ತಿ," ಎಂದೆ. "ಭಾಳ ಜ್ವರ ಇತ್ತು."

"ಹೌದ, ಜ್ವರ ಇತ್ತು," ಎಂದಳು ಅತ್ತಿ, ಯಾರೋ ಹೊಸದಾಗಿ ಹೇಳಿದ ಹಾಗೆ.

ಮುಂದಿನ ಶನಿವಾರ ಅವಳನ್ನು ಗಡಹಿಂಗ್ಲಜಕ್ಕೆ ಕರೆದುಕೊಂಡು ಹೋದೆವು. ದಾರಿಯಲ್ಲಿ ಬಳೆಗಾರನ ಅಂಗಡಿ ಮುಂದೆ ಗಾಡಿ ನಿಲ್ಲಿಸಲು ಹೇಳಿ ಹಸಿರು ಬಳೆ ಕೊಂಡಳು. ಅಗಸಿಯಲ್ಲಿ ಕಲ್ಲಿಗೆ ಪರದೆ ಕಟ್ಟಿದ್ದರು. ಅತ್ತಿ ಹೊಸ್ತಿಲ ಈಚೆ, ತನ್ನ ಹಳೆಯ ಜಾಗದಲ್ಲೇ ನಿಂತಳು. ಗುರವ ಪರದೆ ಸರಿಸಿ "ಯಾ ಆಜೀ, ಆತ ಯಾ" ಎಂದು ಒಳಗೆ ಕರೆದ.

"ಬ್ಯಾಡಪಾ," ಎಂದಳು ಅತ್ತಿ. "ಒಮ್ಮೆ ಬಂದ ಹೋಗೀನಿ."

ಬಳೆಗಳನ್ನು ಅವನ ಕೈಗೆ ಕೊಟ್ಟಳು. ಅವನು ಅವನ್ನು ಕಲ್ಲಿನ ಬುಡದಲ್ಲಿಟ್ಟ.

ಮತ್ತೆ ಶೇಂದೂರ ಹಚ್ಚಬೇಕೋ ಬೇಡವೋ ಎಂದು ಊರಿನ ಹಿರಿಯರು ಎರಡು ಸಲ ಸೇರಿದ್ದಾರೆ. ತೀರ್ಮಾನವಾಗಿಲ್ಲ. ಪರದೆ ಹಾಗೇ ಇದೆ. ಹೆಂಗಸರು ಹೊಸ್ತಿಲ ಈಚೆ ನಿಂತು ಕೈ ಮುಗಿಯುತ್ತಾರೆ.