ಬಾಯ್ತುಂಬ ನೀರು, ಎದುರಿಗೆ ಲೆಕ್ಕ

ವಿಜಯನಗರದ ಅಣ್ಣನ ಮನೆಗೆ ಬಂದ ಮರುದಿನ ಬೆಳಗ್ಗೆ ನಾನು ಓದಲು ಕೂತದ್ದೇ ತಡ, ಅರ್ಧ ವಠಾರ ನಮ್ಮ ಬಾಗಿಲಿಗೆ ಬಂದು ನಿಂತಿತು. ಎಲ್ಲರಿಗಿಂತ ಮುಂದೆ ಮನೆಯ ಒಡತಿ ನಂಜಮ್ಮ.

"ಏನಮ್ಮಾ, ಬೆಳ್‌ಬೆಳಗ್ಗೇನೇ ಅಣ್ಣನ ಜೊತೆ ಜಗಳಾನಾ?"

"ಜಗಳ ಅಲ್ರೀ, ಓದಾಕತ್ತೀನ್ರೀ," ಎಂದೆ.

ಅಣ್ಣ ಆಗಲೇ ರಾಜಾಜಿನಗರದ ಕಾರ್ಖಾನೆಗೆ ಹೋಗಿಯಾಗಿತ್ತು. ನಂಜಮ್ಮ ಒಳಗೆ ಇಣುಕಿ, ನಾನೊಬ್ಬಳೇ ಇರುವುದನ್ನು ಕಂಡು ಇನ್ನಷ್ಟು ಗಾಬರಿಯಾದರು.

ನಮ್ಮ ಬಾಗಲಕೋಟೆ ಕಡೆಯವರಾದ ನೀವು ಇದನ್ನು ಓದಿ ನಗುತ್ತೀರಿ. ನಮ್ಮಲ್ಲಿ ಓದು ಎಂದರೆ ಓಣಿಗೆಲ್ಲ ಕೇಳಬೇಕು. ದನಿ ನಿಂತರೆ ಅವ್ವ ರೊಟ್ಟಿ ಬಡಿಯುತ್ತಲೇ "ಯಾಕ, ನಿದ್ದಿ ಹತ್ತಿತೇನ?" ಎಂದು ಕೂಗುತ್ತಾಳೆ. ಇಲ್ಲಿಯ ಮಕ್ಕಳು ತುಟಿ ಬಿಗಿದುಕೊಂಡು ಓದುತ್ತಾರೆ. ಓದುತ್ತಿದ್ದಾರೋ ಕನಸು ಕಾಣುತ್ತಿದ್ದಾರೋ ದೇವರೇ ಬಲ್ಲ!

ಊಟದ ಕಥೆಯೂ ಅಷ್ಟೆ. ನಂಜಮ್ಮ ಕೊಟ್ಟ ರಾಗಿಮುದ್ದೆಯನ್ನು ನಾನು ಚೆನ್ನಾಗಿ ಅಗಿದು ತಿಂದೆ. "ಅಗೀಬಾರ್ದು ಕಣೇ, ನುಂಗ್ಬೇಕು!" ಎಂದು ವಠಾರದ ಹೆಂಗಸರು ಬಿದ್ದು ಬಿದ್ದು ನಕ್ಕರು. ಮುಂದೆ ಅವರೇ ಜೋಳದ ರೊಟ್ಟಿ ಕಲಿಯಲು ಬಂದರು. ಅವರು ಬಡಿದ ರೊಟ್ಟಿ ಹೆಂಚು ಮುಟ್ಟುವ ಮೊದಲೇ ಹರಿದು ಹೋಳಾಯಿತು. ಆಗ ನಾನೂ ಹೊಟ್ಟೆ ತುಂಬ ನಕ್ಕೆ.

ಆದರೂ ಮಧ್ಯಾಹ್ನ ಒಬ್ಬಳೇ ಕೂತಾಗ ನಮ್ಮ ಕಡೆಯ ಒಂದು ಮಾತು ಕೇಳಲು ಕಿವಿ ಹಾತೊರೆಯುತ್ತಿತ್ತು. ನಾನು ಬಂದದ್ದು ಬ್ಯಾಂಕ್ ಆಫೀಸರ್ ಪರೀಕ್ಷೆಗೆ ಓದಲು. ಅಪ್ಪ ಕೊಟ್ಟದ್ದು ಒಂದೇ ಅವಕಾಶ: "ಈ ಸಲ ಪಾಸಾದ್ರ ನೌಕರಿ, ಇಲ್ಲಾಂದ್ರ ಮದುವಿ." ಗಂಡಿನ ಕಡೆಯವರು ಬಂದು ನೋಡಿಯೂ ಹೋಗಿದ್ದರು. ಹುಡುಗ ಒಳ್ಳೆಯವನೇ ಇರಬಹುದು, ನನಗಂತೂ ಬ್ಯಾಂಕಿನ ಕುರ್ಚಿಯ ಮೇಲೇ ಕಣ್ಣು.

ಬಸವೇಶ್ವರನಗರದ ತರಬೇತಿ ತರಗತಿಯಲ್ಲಿ ಮಾದರಿ ಪರೀಕ್ಷೆ ಇಟ್ಟಾಗ ನನ್ನ ಬಂಡವಾಳ ಬಯಲಾಯಿತು. ಉಳಿದವರು ಕಣ್ಣಲ್ಲೇ ಓದಿ ಉತ್ತರಕ್ಕೆ ಗುರುತು ಹಾಕುತ್ತ ಓಡಿದರು. ನಾನು ಪ್ರತಿ ಪ್ರಶ್ನೆಯನ್ನೂ ಪಿಸುಗುಟ್ಟಿ, ಮಗ್ಗಿಯನ್ನು ರಾಗವಾಗಿ ಹೇಳಿಕೊಂಡು ಮುಗಿಸುವಷ್ಟರಲ್ಲಿ ಗಂಟೆ ಹೊಡೆಯಿತು. ಅರ್ಧ ಪತ್ರಿಕೆ ಹಾಗೇ ಉಳಿಯಿತು. ಸಾಲದ್ದಕ್ಕೆ ಪಕ್ಕದ ಹುಡುಗ ಎದ್ದು, "ಸಾರ್, ಇವ್ರು ಉತ್ತರ ಹೇಳ್ಕೊಡ್ತಾ ಇದಾರೆ, ಅದೂ ತಪ್ಪು ಉತ್ತರ!" ಎಂದು ದೂರು ಕೊಟ್ಟ.

"ನೋಡಮ್ಮಾ, ನಿಜವಾದ ಪರೀಕ್ಷೇಲಿ ತುಟಿ ಅಲ್ಲಾಡಿದ್ರೆ ಹೊರಗೆ ಕಳಿಸ್ಬಿಡ್ತಾರೆ," ಎಂದರು ಮೇಷ್ಟ್ರು.

ಮನೆಗೆ ಬಂದು ಅಳುತ್ತ ಕೂತೆ. ಗಂಟಲಿಗೆ ಅಂಟಿದ ಅಭ್ಯಾಸವನ್ನು ಪರೀಕ್ಷೆ ಬರುವಷ್ಟರೊಳಗೆ ಬಿಡುವುದು ಹೇಗೆ? ಸಂಗತಿ ತಿಳಿದ ನಂಜಮ್ಮ ಒಂದು ಚೊಂಬು ನೀರು ತಂದಿಟ್ಟರು.

"ಬಾಯ್ತುಂಬ ತುಂಬ್ಕೋ. ನುಂಗ್ಬೇಡ, ಉಗೀಬೇಡ. ಈಗ ಲೆಕ್ಕ ಮಾಡು. ನಮ್ಮತ್ತೆ ಬೈಯೋವಾಗ ನಾನು ಹೀಗೇ ಬಾಳಿದ್ದು ಕಣೇ!"

ಆ ಮಾತಿಗೆ ನಗು ತಡೆಯಲಾಗದೆ ಬಾಯಲ್ಲಿದ್ದ ನೀರೆಲ್ಲ ಆಗಷ್ಟೇ ಒಳಗೆ ಬಂದ ಅಣ್ಣನ ಅಂಗಿಯ ಮೇಲೆ ಬಿತ್ತು. ಮೊದಮೊದಲು ದಿನವೂ ಇದೇ ಗತಿ. ರಾಗ ಎಳೆಯದಿದ್ದರೆ ಏಳೆಂಟಲೆ ಎಷ್ಟೆಂಬುದೇ ನೆನಪಾಗುತ್ತಿರಲಿಲ್ಲ. ಆಮೇಲಾಮೇಲೆ ಮಗ್ಗಿ ಗಂಟಲು ಬಿಟ್ಟು ತಲೆಗೆ ಹತ್ತಿತು. ಬಾಯಲ್ಲಿ ನೀರು ತುಂಬಿಕೊಂಡೇ ಇಡೀ ಪತ್ರಿಕೆ ಮುಗಿಸಿದ ದಿನ ನಂಜಮ್ಮ ಪಾಯಸ ಮಾಡಿದರು. ಪರೀಕ್ಷೆಯಲ್ಲಿ ನೀರಿಲ್ಲದೆಯೇ ನನ್ನ ತುಟಿ ಮುಚ್ಚಿದ್ದವು.

ಪಾಸಾದೆ! ಸಂದರ್ಶನವೂ ಮುಗಿದು, ಮಾಗಡಿ ರಸ್ತೆಯ ಶಾಖೆಯಲ್ಲೇ ಕೆಲಸವಾಯಿತು. ಸುದ್ದಿ ಕೇಳಿ ಅಪ್ಪ ರೊಟ್ಟಿ, ಅದಕ್ಕೆ ನಂಜಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡು ಊರಿನಿಂದ ಬಂದ. ಬ್ಯಾಂಕಿಗೆ ಬಂದು ನನ್ನ ಕುರ್ಚಿಯನ್ನು ಮುಟ್ಟಿ ನೋಡಿದ. ಮದುವೆಯ ಮಾತನ್ನು ಮಾತ್ರ ಎತ್ತಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ.

ಹೊರಡುವಾಗ ಅಪ್ಪ ನಂಜಮ್ಮನ ಹೊಸ್ತಿಲ ಮುಂದೆ ನಿಂತು ಕೈಮುಗಿದ. "ಅಕ್ಕಾರ, ಮಗಳನ್ನ ನಿಮ್ಮ ಉಡ್ಯಾಗ ಹಾಕೀನ್ರೀ. ಪಂಚಮಿಗೆ ಕರಿಯಾಕ ಬರ್ತೀನಿ."

"ಅದಕ್ಕೇನಂತೆ, ಧಾರಾಳವಾಗಿ ಬನ್ನಿ," ಎಂದರು ನಂಜಮ್ಮ. ಅವರಿಗೆ ಅದೊಂದು ಸೌಜನ್ಯದ ಮಾತು. ನಿಮಗೆ ಗೊತ್ತು, ಮಗಳನ್ನು ಮದುವೆ ಮಾಡಿ ಕೊಟ್ಟ ಮೇಲೆ ನಮ್ಮಲ್ಲಿ ಅಪ್ಪಂದಿರು ಬೀಗರ ಹೊಸ್ತಿಲಲ್ಲಿ ನಿಂತು, ಅವಳನ್ನು ಅವರ ಮಡಿಲಿಗೊಪ್ಪಿಸಿ, ನಾಗರಪಂಚಮಿಗೆ ತವರಿಗೆ ಕರೆದೊಯ್ಯಲು ಬರುತ್ತೇನೆಂದು ಆಡುವ ಮಾತು ಅದು. ನಾನು ನಂಜಮ್ಮನ ಪಕ್ಕದಲ್ಲೇ, ಹೊಸ್ತಿಲ ಒಳಗೆ ನಿಂತಿದ್ದೆ. ಅಳುವೂ ಬಂತು, ನಗುವೂ ಬಂತು. ಮದುವೆಯಾಗದೆಯೇ ನಮ್ಮೂರ ಮನೆ ನನಗೆ ತವರುಮನೆಯಾಯಿತು.