ಹೋಗುತ್ತೇನೆ ಎನ್ನುವ ಪಾಠ

ಲಾಂಡ್ರಿಯಲ್ಲಿ ಕನ್ನಡದವರೆಲ್ಲ ಅವಳನ್ನು ಇಸ್ತ್ರಿಯಕ್ಕ ಎಂದೇ ಕರೆಯುತ್ತಾರೆ. ಹೋಟೆಲುಗಳ ಬಿಳಿ ಹಾಸುಬಟ್ಟೆಗಳನ್ನು ಹಬೆಯ ಯಂತ್ರಕ್ಕೆ ಒಡ್ಡಿ, ಬಿಸಿ ಆರುವ ಮುನ್ನ ಮೂಲೆಗೆ ಮೂಲೆ ಸೇರಿಸಿ ಮಡಚುವುದು ಅವಳ ಕೆಲಸ. ಕೂತಲ್ಲಿ ಕೂರುವ ಹೆಂಗಸಲ್ಲ. ಮನೆಯಲ್ಲೂ ಗೋಡೆಗೆ ಒಂದು ಮೊಳೆ ಹೊಡೆದಿಲ್ಲ, ಮಂಚ ಕೊಂಡಿಲ್ಲ. "ಮುಂದಿನ ವರ್ಷ ಇಲ್ಲಿ ಇರ್ತೀವೋ ಇಲ್ವೋ" ಎಂಬುದು ಒಂದೇ ರಾಗ. ಈ ಪರದೇಶಕ್ಕೆ ಬಂದಾಗ ಶುರುವಾದ ಆ ರಾಗಕ್ಕೆ ಹದಿನಾರು ವರ್ಷವಾಯಿತು, ಹಾಸಿಗೆ ಇನ್ನೂ ನೆಲದ ಮೇಲೆಯೇ ಇದೆ.

ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಮೂವರು, ಅವಳು ಮತ್ತು ಇಬ್ಬರು ಹೆಣ್ಣುಮಕ್ಕಳು. ಸರ್ಕಾರದ ಲೆಕ್ಕದಲ್ಲಿ ಅವರು ಮೂರು ಬಗೆ. ಇಸ್ತ್ರಿಯಕ್ಕ ತಾತ್ಕಾಲಿಕ ಕೆಲಸಗಾರ್ತಿ. ವರ್ಷಕ್ಕೊಮ್ಮೆ ಕಚೇರಿಗೆ ಹೋಗಿ, ಕೆಲಸ ಮುಗಿದೊಡನೆ ಹೊರಡುತ್ತೇನೆ ಎಂದು ಹೇಳಿ ಬರಬೇಕು. ಚಿಕ್ಕವಳು ಇಲ್ಲೇ ಹುಟ್ಟಿದವಳು, ಈ ದೇಶದ ಪ್ರಜೆ. ಹಲ್ಲುಜ್ಜು ಎಂದರೂ ಅದೇ ಗತ್ತಿನಲ್ಲಿ ಜಗಳಕ್ಕೆ ನಿಲ್ಲುತ್ತಾಳೆ. ದೊಡ್ಡವಳು ಅಮ್ಮನ ಕಂಕುಳಲ್ಲಿ ಬಂದವಳು, ಕಾಗದದಲ್ಲಿ ಅಮ್ಮನ ಅವಲಂಬಿತೆ. ಹದಿನೆಂಟು ತುಂಬಿದ ದಿನ ಆ ಹೆಸರು ಹೋಗುತ್ತದೆ, ಹದಿನೆಂಟು ತುಂಬಲು ಬಂದಿತ್ತು. ಇಲ್ಲೇ ಇರಬೇಕಾದರೆ ವಿದ್ಯಾರ್ಥಿನಿ ಎಂಬ ಬೇರೆ ಗುಂಪಿಗೆ ಸೇರಬೇಕು. ಅದಕ್ಕೆ, ಓದು ಮುಗಿದ ಮೇಲೆ ಹೊರಟುಹೋಗುತ್ತೇನೆ ಎಂದು ಅಧಿಕಾರಿಯನ್ನು ನಂಬಿಸಬೇಕು. ಉಳಿಯುವುದಕ್ಕೆ ಹೋಗುತ್ತೇನೆ ಎನ್ನಬೇಕಂತೆ. ಯಾವ ಪುಣ್ಯಾತ್ಮ ಬರೆದ ಕಾನೂನೋ!

ಇಸ್ತ್ರಿಯಕ್ಕ ಪಾಠ ಶುರುಮಾಡಿದಳು. ಪಾತ್ರೆ ತೊಳೆಯುವಾಗಲೂ ದೊಡ್ಡವಳಿಗೆ ಗಿಣಿಪಾಠ.

"ಇಲ್ಲಿ ನಿನಗೆ ಯಾರಿದ್ದಾರೆ ಅಂತ ಕೇಳ್ತಾರೆ. ಏನ್ ಹೇಳ್ತೀಯ?"

"ಅಮ್ಮ, ತಂಗಿ..."

"ಅಯ್ಯೋ, ಎಲ್ಲಾ ಕೆಡಿಸ್ತೀಯ! ನನ್ನನ್ನ ಹಿಡಿದಿಡೋರು ಇಲ್ಲಿ ಯಾರೂ ಇಲ್ಲ ಅನ್ನು."

ಕಚೇರಿಯ ದಿನ ಮೂವರೂ ಹೋದರು. ಕಿಟಕಿಯ ಆಚೆ ಕೂತಿದ್ದ ಅಧಿಕಾರಿ ಕೇಳಿದಾಗ ದೊಡ್ಡವಳು ಒಂದಿಷ್ಟೂ ತಡವರಿಸಲಿಲ್ಲ. "ಓದು ಮುಗಿದ ಕೂಡಲೇ ನಮ್ಮೂರಿಗೆ ಹೋಗ್ತೀನಿ. ನನ್ನನ್ನ ಹಿಡಿದಿಡೋರು ಇಲ್ಲಿ ಯಾರೂ ಇಲ್ಲ." ಹೇಳಿ ನಕ್ಕಳು ಕೂಡ. ಹಿಂದೆಯೇ ನಿಂತಿದ್ದ ಇಸ್ತ್ರಿಯಕ್ಕ ಅವಳತ್ತ ಒಂದು ಹೆಜ್ಜೆ ಇಟ್ಟಳು. ತಾನೇ ಕಲಿಸಿದ ಮಾತು, ಆದರೂ ತಡೆಯಲಾಗಲಿಲ್ಲ. ಅಷ್ಟರಲ್ಲಿ ಅರ್ಜಿಯ ಮೇಲೆ ಒಪ್ಪಿಗೆಯ ಮುದ್ರೆ ಬಿತ್ತು.

ಬಸ್ಸಿನಲ್ಲಿ ಚಿಕ್ಕವಳು ಅಕ್ಕನ ಪಕ್ಕ ಕೂರಲಿಲ್ಲ. ಅಮ್ಮನ ಬಳಿ ಬಂದು ಮುಖ ಊದಿಸಿಕೊಂಡಳು.

"ನಾನು ಅವಳಿಗೆ ಯಾರೂ ಅಲ್ವಾ?"

"ಅದು ಸುಳ್ಳು ಕಣೇ, ಆಫೀಸಿನವರಿಗೆ ಹೇಳಿದ್ದು. ಅಕ್ಕ ಎಲ್ಲಿಗೂ ಹೋಗಲ್ಲ."

ಚಿಕ್ಕವಳು ಮೂಗು ಒರೆಸಿಕೊಂಡಳು. "ನೀನೂ ಪ್ರತಿ ವರ್ಷ ಆ ಆಫೀಸಲ್ಲಿ, ಊರಿಗೆ ಹೋಗ್ತೀನಿ ಅಂತ ಹೇಳ್ತೀಯಲ್ಲ. ಮನೇಲೂ ಅದನ್ನೇ ಹೇಳ್ತೀಯ. ಅದೂ ಸುಳ್ಳಾ ಅಮ್ಮ?"

ಇಸ್ತ್ರಿಯಕ್ಕ ಸೀಟಿನಿಂದ ಎದ್ದು, ಇಳಿಯಲು ಹೊರಟವಳಂತೆ ಕಂಬಿ ಹಿಡಿದಳು.

"ಅಮ್ಮಾ, ನಮ್ಮ ಸ್ಟಾಪ್ ಇನ್ನೂ ಬಂದಿಲ್ಲ," ಎಂದಳು ದೊಡ್ಡವಳು.

"ಗೊತ್ತು," ಎಂದು ಇಸ್ತ್ರಿಯಕ್ಕ ನಿಂತೇ ಇದ್ದಳು.