ಶನಿವಾರ ಬೆಲ್ ಒತ್ತದ ಆಂಟಿ

ಪಕ್ಕದ ಮನೆ ಆಂಟಿಯ ಬೆರಳ ಗೆಣ್ಣುಗಳು ಊದಿಕೊಂಡು, ಮದುವೆಯ ಉಂಗುರ ಕಳಚಲು ಬಾರದಂತಾಗಿತ್ತು. ಆ ಗೆಣ್ಣಿನಿಂದಲೇ ನಮ್ಮ ಬಾಗಿಲನ್ನು ಟಕಟಕ ಬಡಿಯುತ್ತಿದ್ದರು. ಶನಿವಾರ ಬಂತೆಂದರೆ ಜಪ್ಪಯ್ಯ ಅಂದರೂ ಬೆಲ್ ಮುಟ್ಟುತ್ತಿರಲಿಲ್ಲ. ಆಂಟಿ ಯಹೂದಿ, ಅವರಿಗೆ ಅದು ಸಬ್ಬತ್ತು, ಯಾವ ಕೆಲಸವನ್ನೂ ಮಾಡದ ಪವಿತ್ರ ದಿನ. ಸ್ವಿಚ್ಚು ಒತ್ತುವಂತಿಲ್ಲ, ಕಾರು ಹತ್ತುವಂತಿಲ್ಲ. ಊರಂಚಿನ ನಮ್ಮ ಬಡಾವಣೆ ಪಿಯಾರಾ ವಾಟರ್ಸ್‌ನಿಂದ ದೂರದ ಅವರ ಪ್ರಾರ್ಥನಾಮಂದಿರಕ್ಕೆ ನಡೆದು ಹೋಗುವುದಂತೂ ಆಗದ ಮಾತು. ಹಾಗಾಗಿ ತಮ್ಮ ಧರ್ಮಗ್ರಂಥ ತೋರಾದ ಆ ವಾರದ ಪಾಠವನ್ನು ಮನೆಯಲ್ಲೇ ಓದಿಕೊಂಡು, ಬೇಲಿಯಾಚೆಯ ನನಗೆ ಒಪ್ಪಿಸುತ್ತಿದ್ದರು. ಅಣ್ಣತಮ್ಮಂದಿರ ಜಗಳದ ಪಾಠ ಬಂದರೆ, "ನಮ್ಮ ಬೀದಿಯ ಪಾರ್ಕಿಂಗ್ ಜಗಳಾನೇ ಕಣಮ್ಮ" ಎನ್ನುವರು. ಆಡುತ್ತಿದ್ದುದು ಇಂಗ್ಲಿಷೇ, ನನಗೆ ನೆನಪಾಗುವುದು ಮಾತ್ರ ಮೈಸೂರು ಕನ್ನಡದಲ್ಲಿ, ಏನು ಮಾಡಲಿ!

ನಾನು ತುಂಬು ಬಸುರಿ, ವಿಮಾನ ಹತ್ತಕೂಡದೆಂದು ಡಾಕ್ಟರು ಹೇಳಿದ್ದ ಹೊತ್ತಿನಲ್ಲೇ ಮೈಸೂರಿನಲ್ಲಿ ಅಮ್ಮ ಹೋಗಿಬಿಟ್ಟಳು. ಮದುವೆಯಾದ ಮಗಳಿಗೆ ಮೂರೇ ದಿನ ಸೂತಕ, ಸ್ನಾನ ಮಾಡಿದರೆ ಮುಗೀತು ಎಂದರು ಪುರೋಹಿತರು, ವಿಡಿಯೋ ಕಾಲ್‌ನಲ್ಲಿ. ಮುಖವನ್ನೂ ನೋಡದ ನನಗೆ ಹೇಗೆ ಮುಗಿಯಬೇಕು? ಪರದೆ ಎಳೆದುಕೊಂಡು ಕೂತುಬಿಟ್ಟೆ. ಹೊರಗೆ ಕಾಲಿಟ್ಟರೆ ಅಮ್ಮನನ್ನು ಬಿಟ್ಟುಕೊಟ್ಟಂತೆ ಅನ್ನಿಸುತ್ತಿತ್ತು. ಊಟ ಸೇರುತ್ತಿರಲಿಲ್ಲ, ಮಗುವಿನ ತೂಕ ಸಾಲದೆಂದು ಆಸ್ಪತ್ರೆಯವರು ಎಚ್ಚರಿಸಿದರು. "ಪಾಪುಗೋಸ್ಕರನಾದ್ರೂ ಸ್ವಲ್ಪ ಓಡಾಡೇ" ಎಂದು ಗಂಡ ತನ್ನ ಕೆಲಸದ ದೂರದ ಗಣಿ ಕ್ಯಾಂಪಿನಿಂದ ಫೋನಿನಲ್ಲಿ ಗೋಗರೆದ. ನಾನು ಜಗ್ಗಲಿಲ್ಲ.

ಒಂದು ಶನಿವಾರ ಬಾಗಿಲು ಟಕಟಕ.

"ಈ ವಾರದ ಪಾಠದ ಹೆಸರು ಸಾರಾಳ ಬದುಕು ಅಂತ. ಶುರುವಲ್ಲೇ ಸಾರಾ ಸಾಯ್ತಾಳೆ, ನೋಡು!"

"ಮತ್ತೆ ಬದುಕು ಅಂತ ಯಾಕೆ ಹೆಸರಿಟ್ರು?" ಎಂದು ರೇಗಿದೆ.

"ಆಮೇಲಿನ ಕತೆಯೆಲ್ಲ ಅವಳ ಮನೆಯವರು ಬದುಕಿದ್ದೇ ಅಲ್ವಾ? ಗಂಡ ಅಬ್ರಹಾಂ ಅಳ್ತಾನೆ. ಆಮೇಲೆ ಏಳ್ತಾನೆ. ಅಳು ನಿಂತ ಮೇಲೆ ಎದ್ದ ಅಂತ ಎಲ್ಲೂ ಇಲ್ಲ ಮಗಳೇ. ಎದ್ದ, ಅಷ್ಟೇ."

ಅವರಲ್ಲಿ ಸತ್ತವರ ಮನೆಯವರು ಒಂದು ವಾರ ತಗ್ಗು ಕುರ್ಚಿಯಲ್ಲಿ, ಚರ್ಮದ ಶೂ ಮುಟ್ಟದೆ ಕೂರುತ್ತಾರಂತೆ. ಕೊನೆಯ ಬೆಳಿಗ್ಗೆ ಯಾರಾದರೂ ಬಂದು ಎಬ್ಬಿಸಿ, ಬೀದಿಯಲ್ಲಿ ಒಂದು ಸುತ್ತು ಕರೆದೊಯ್ಯಬೇಕಂತೆ.

"ನಿಂಗೆ ಬಂದು ಏಳು ಅಂತ ಯಾರೂ ಹೇಳ್ಲಿಲ್ಲ. ನಾನ್ ಹೇಳ್ತಿದೀನಿ. ಎದ್ದೇಳು, ಶೂ ಹಾಕ್ಕೋ."

ಜಕರಾಂಡ ಹೂ ಉದುರಿ ಫುಟ್‌ಪಾತ್ ನೇರಳೆಯಾಗಿತ್ತು. ತಿರುವಿನ ಪೆಟ್ರೋಲ್ ಬಂಕ್ ದಾಟುವಷ್ಟರಲ್ಲಿ ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಆಂಟಿ ತಮ್ಮ ಮೊಣಕಾಲನ್ನು ಬೈದುಕೊಳ್ಳುತ್ತಲೇ ನನ್ನ ಕೈಹಿಡಿದು ನಡೆಸಿದರು. ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ಮೊಸರನ್ನ ತಿಂದೆ. ಅಬ್ಬಾ, ಎಷ್ಟು ಹಗುರವಾಗಿತ್ತು! ಮಗಳು ಚೆನ್ನಾಗಿ ಮೈಕೈ ತುಂಬಿಕೊಂಡೇ ಹುಟ್ಟಿದಳು.

ಕಳೆದ ಚಳಿಗಾಲದಲ್ಲಿ ಆಂಟಿ ನಿದ್ದೆಯಲ್ಲೇ, ನರಳದೆ ಹೋದರು. ಮೆಲ್ಬರ್ನ್‌ನಿಂದ ಬಂದ ಅವರ ಒಬ್ಬಳೇ ಮಗಳು ತಗ್ಗು ಕುರ್ಚಿಯಲ್ಲಿ ಕೂತಳು. ವಾರದ ಕೊನೆಯ ಬೆಳಿಗ್ಗೆ ನನ್ನ ಮಗಳನ್ನು ಕರೆದುಕೊಂಡು ಹೋದೆ. ಬಂದವರು ಕಾಯದಿರಲೆಂದು ಬಾಗಿಲು ತೆರೆದೇ ಇಟ್ಟಿದ್ದರು. ಆದರೂ ಗೆಣ್ಣಿನಿಂದ ಟಕಟಕ ಬಡಿದೆ. ಆ ಸದ್ದಿಗೆ ಆಂಟಿಯ ಮಗಳು ಬೆಚ್ಚಿ ತಲೆಯೆತ್ತಿದಳು.

"ಎದ್ದೇಳಮ್ಮ, ಶೂ ಹಾಕ್ಕೋ" ಎಂದೆ.

ಅಳುತ್ತಲೇ ಎದ್ದಳು. ಶೂಗಳನ್ನು ನನ್ನ ಮಗಳೇ ತಂದುಕೊಟ್ಟಳು.